ಅಂಧರ ವಿಶ್ವಕಪ್ ಪಂದ್ಯಾವಳಿಗಳೂ ಆತಿಥೇಯರ ಹೊಣೆಯೂ

(ಹುಣಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ಸಾಹಿತ್ಯ, ಶಾಸನ, ತತ್ತ್ವವಿಚಾರ ಮೊದಲಾದ ವಿಷಯಗಳೇ ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಪ್ರಸ್ತಾಪಕ್ಕೆ ಬರತಕ್ಕ ನಮ್ಮ ನಾಡಿನಲ್ಲಿ, ಕ್ರಿಕೆಟ್ ಪಂದ್ಯಾವಳಿಯೊಂದನ್ನು ಯೋಜಿಸಿ ನಡೆಸುವ ಕಾರ್ಯವನ್ನು ನಾನು ಇಂದಿನ ವಿಷಯವನ್ನಾಗಿ ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಬೆಂಗಳೂರಿನ ಸಮರ್ಥನಂ ಸಂಸ್ಥೆಯೂ, ಅದರ ಆಶ್ರಯದಲ್ಲಿ ಬೆಳೆದ ಭಾರತೀಯ ಅಂಧರ ಕ್ರಿಕೆಟ್ ಸಂಸ್ಥೆಯೂ ಕೂಡಿ 2012, 2017 ಮತ್ತು 2022ರಲ್ಲಿ ಅಂಧ ಪುರುಷರ ಟಿ20 ವಿಶ್ವಕಪ್ ಪಂದ್ಯಾವಳಿಯನ್ನು ನಮ್ಮ ದೇಶದಲ್ಲಿ ನಡೆಸಿ, ಮೂರು ಸಲವೂ ಅಂತಿಮ ಪಂದ್ಯವನ್ನು ಬೆಂಗಳೂರಿನಲ್ಲಿಯೇ ಆಡಿಸಿದುವು. 2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ20 ವಿಶ್ವಕಪ್ಪು ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ನಡೆಯಿತು. ದೂರದರ್ಶನದ ಮುಂದೆ ಕುಳಿತು ಐಪಿಎಲ್ಲಿನ ಪ್ರತಿಯೊಂದು ಎಸೆತವನ್ನೂ ಲೆಕ್ಕ ಹಾಕತಕ್ಕ ನಮ್ಮವರಲ್ಲಿ ಅನೇಕರಿಗೆ ಈ ಪಂದ್ಯಾವಳಿಗಳ ಹೆಸರು ಕೂಡ ಕಿವಿಗೆ ಬಿದ್ದಿಲ್ಲ. ದೊಡ್ಡ ಕೂಟವೊಂದನ್ನು ಕರೆದು ಕೂರಿಸಿ, ಆದರಿಸಿ, ಕ್ಷೇಮವಾಗಿ ಹಿಂದಕ್ಕೆ ಕಳುಹಿಸಿಕೊಡುವ ವಿದ್ಯೆ ಎಂಥದು ಎಂಬುದನ್ನು ಅರಿಯಬೇಕಾದರೆ ನಾವು ನೋಡತಕ್ಕದ್ದು ಇವನ್ನೇ ಎಂಬುದು ನನ್ನ ದೃಢವಾದ ನಂಬಿಕೆ. ಏಕೆಂದರೆ ಇಲ್ಲಿ ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕನೂ ಆತಿಥೇಯರಲ್ಲಿ ಒಬ್ಬನಾಗುತ್ತಾನೆ, ಅವನು ತನ್ನ ಪಾಲಿನ ಕೆಲಸವನ್ನು ಮಾಡದಿದ್ದರೆ ಆಟವೇ ನಡೆಯಲಾರದು.

ಪಂದ್ಯಾವಳಿ ನಡೆಸುವುದೆಂದರೆ ದೊಡ್ಡ ಮೈದಾನ, ದೊಡ್ಡ ದೀಪ, ದೊಡ್ಡ ಹಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಚಾರಿತ್ರಿಕವಾದ ಕಾರಣವೂ ಉಂಟು. 1975, 1979, 1983ರ ಮೂರು ವಿಶ್ವಕಪ್ಪುಗಳೂ ಇಂಗ್ಲೆಂಡಿನಲ್ಲಿಯೇ ನಡೆದು, ಆತಿಥೇಯರಾಗುವ ಅಧಿಕಾರವು ಆ ಒಂದು ದೇಶಕ್ಕೆ ಹುಟ್ಟಿನಿಂದ ಬಂದುದು ಎಂಬಂತೆ ತೋರುತ್ತಿದ್ದ ಕಾಲದಲ್ಲಿ, ನಮ್ಮ ಮಂಡಲಿಯ ಅಧ್ಯಕ್ಷರಾಗಿದ್ದ ಎನ್.ಕೆ.ಪಿ. ಸಾಳ್ವೆಯವರೂ ಪಾಕಿಸ್ತಾನದ ನೂರ್ ಖಾನರೂ ಒಂದಾಗಿ, ಜಗಮೋಹನ ದಾಲ್ಮಿಯಾ, ಐ.ಎಸ್. ಬಿಂದ್ರಾ ಮೊದಲಾದವರ ವ್ಯವಹಾರಚಾತುರ್ಯದ ನೆರವಿನಿಂದ, 1987ರ ಪಂದ್ಯಾವಳಿಯನ್ನು ಉಪಖಂಡಕ್ಕೆ ತಂದರು. 8 ತಂಡಗಳು, 27 ಪಂದ್ಯಗಳು, ಎರಡು ದೇಶಗಳಲ್ಲಿ ಹರಡಿಕೊಂಡ 21 ಮೈದಾನಗಳು. ಕ್ರಿಕೆಟ್ಟಿನಲ್ಲಿ ಇಷ್ಟು ವಿಸ್ತಾರವಾದ ಏರ್ಪಾಟನ್ನು ಅದುವರೆಗೆ ಯಾರೂ ಕೈಗೊಂಡಿರಲಿಲ್ಲ. ಇಂಗ್ಲೆಂಡಿನ ಬೇಸಗೆಯ ಹಗಲು ದೀರ್ಘವಾದುದು, ನಮ್ಮ ಅಕ್ಟೋಬರ್ ತಿಂಗಳ ಹಗಲು ಮೊಟಕಾದುದು. ಆದಕಾರಣ 60 ಓವರುಗಳ ಇನಿಂಗ್ಸನ್ನು 50 ಓವರುಗಳಿಗೆ ಇಳಿಸಬೇಕಾಯಿತು. ಆ 50 ಓವರುಗಳೇ ಇಂದಿಗೂ ಲೋಕವೆಲ್ಲ ಅನುಸರಿಸುವ ಕಟ್ಟಳೆಯಾಗಿ ನಿಂತುಬಿಟ್ಟಿವೆ. ಆಟವನ್ನು ಮನೆಗೆ ಕರೆದವನು ತನ್ನ ಮನೆಯ ಬೆಳಕಿಗೆ ತಕ್ಕಂತೆ ಆಟದ ನಿಯಮವನ್ನೇ ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಅದೇ ಪಂದ್ಯಾವಳಿಯಲ್ಲಿ, ಅಕ್ಟೋಬರ್ 14ರಂದು, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಭಾರತವು ನ್ಯೂಜಿಲೆಂಡನ್ನು 16 ಓಟಗಳಿಂದ ಸೋಲಿಸಿತು.

ಆ ಮೈದಾನಕ್ಕೆ ಹೆಸರು ಕೊಟ್ಟ ಎಂ. ಚಿನ್ನಸ್ವಾಮಿಯವರು ನಮ್ಮ ನೆರೆಯ ಮಂಡ್ಯದವರು, ವಕೀಲರು; ನಾಲ್ಕು ದಶಕಗಳ ಕಾಲ ರಾಜ್ಯದ ಕ್ರಿಕೆಟ್ ಸಂಸ್ಥೆಗಾಗಿ ದುಡಿದವರು. ಹೊರಗಿನ ದೊಡ್ಡ ಪಂದ್ಯಗಳನ್ನು ಬರಮಾಡಿಕೊಳ್ಳುವುದರಲ್ಲಿ ಬೆಂಗಳೂರಿಗೆ ಅನುಭವವುಂಟು, ಮೈಸೂರಿಗೂ ಉಂಟು. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಮುಂಬಯಿಯೊಡನೆ ನಡೆದ ರಣಜಿ ಅಂತಿಮ ಪಂದ್ಯವನ್ನು ನಮ್ಮ ಕರ್ನಾಟಕ ತಂಡವು ಕೇವಲ 6 ಓಟಗಳಿಂದ ಕಳೆದುಕೊಂಡುದನ್ನೂ, ಗೆಲುವಿಗೆ ಬೇಕಾಗಿದ್ದ 338ನ್ನು ಬೆನ್ನಟ್ಟಿ ಮನೀಷ್ ಪಾಂಡೆ ಹೊಡೆದ 144 ಓಟಗಳನ್ನೂ ಈ ಸಭೆಯಲ್ಲಿ ಮರೆತವರು ಇರಲಾರರು. ಆದರೆ ಅನುಭವವಿದ್ದ ಮಾತ್ರಕ್ಕೆ ಆತಿಥ್ಯ ಕೈಗೂಡುವುದಿಲ್ಲ. 2011ರ ವಿಶ್ವಕಪ್ಪಿನಲ್ಲಿ ಕೋಲ್ಕತ್ತೆಯ ಈಡನ್ ಗಾರ್ಡನ್ಸ್ ಸಕಾಲದಲ್ಲಿ ಸಿದ್ಧವಾಗದೆ ಭಾರತ–ಇಂಗ್ಲೆಂಡ್ ಪಂದ್ಯವು ಕಡೆಗಳಿಗೆಯಲ್ಲಿ ಬೆಂಗಳೂರಿಗೆ ಬಂದಾಗ, ರಾಜ್ಯ ಸಂಸ್ಥೆಯ ಹೊಣೆಯನ್ನು ಆಗತಾನೆ ಹೊತ್ತಿದ್ದ ಅನಿಲ್ ಕುಂಬ್ಳೆಯವರೂ ಮೈಸೂರಿನವರೇ ಆದ ಜಾವಗಲ್ ಶ್ರೀನಾಥರೂ ಕೆಲವೇ ವಾರಗಳಲ್ಲಿ ಅದಕ್ಕೆ ಅಣಿಮಾಡಬೇಕಾಯಿತು. ಫೆಬ್ರವರಿ 27ರಂದು ಎರಡು ತಂಡಗಳೂ 338 ಓಟಗಳನ್ನೇ ಗಳಿಸಿ ಸರಿಸಮವಾದ ಆ ಪಂದ್ಯವು ಚರಿತ್ರೆಗೆ ಸೇರಿತು. ಅದಕ್ಕೆ ಮೂರು ದಿನ ಮೊದಲು ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದ ಜನರ ಮೇಲೆ ಲಾಠಿ ಬೀಸಿದುದೂ ಚರಿತ್ರೆಗೆ ಸೇರಬೇಕಾದ ಸಂಗತಿಯೆ.

ಇನ್ನು 2025ರ ಜೂನ್ 4ರ ವಿಚಾರ. ಅಂದು ಬೆಂಗಳೂರಿನ ಐಪಿಎಲ್ ತಂಡದ ವಿಜಯೋತ್ಸವಕ್ಕಾಗಿ ಅದೇ ಮೈದಾನದ ಬಾಗಿಲುಗಳ ಬಳಿ ನೆರೆದ ಅಪಾರ ಜನಸಂದಣಿಯಲ್ಲಿ ಸಿಲುಕಿ 11 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ತರುವಾಯ, ಅದೇ ವರ್ಷದ ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆಂದು ಗೊತ್ತುಮಾಡಿದ್ದ ಪಂದ್ಯಗಳು ನಮ್ಮ ಕೈ ಬಿಟ್ಟುಹೋದವು, ಭಾರತವು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಗೆದ್ದ ನವೆಂಬರ್ 2ರ ಅಂತಿಮ ಪಂದ್ಯವು ನವೀ ಮುಂಬಯಿಯಲ್ಲಿ ನಡೆಯಿತು. ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು 1976ರಲ್ಲಿ ಆಡಿದ್ದು ಬೆಂಗಳೂರಿನಲ್ಲಿ ಎಂಬುದನ್ನು ನೆನೆದರೆ, ಈ ನಷ್ಟ ಎಷ್ಟು ದೊಡ್ಡದೆಂಬುದು ಮನಸ್ಸಿಗೆ ಹತ್ತುತ್ತದೆ. ಜೀವಗಳು ಹೋದ ಮೇಲೆ ಪಂದ್ಯಗಳು ಹೋದುದನ್ನು ಕುರಿತು ಮರುಗುವುದು ಎರಡನೆಯ ಮಾತಾಯಿತು. ಮೊದಲನೆಯ ಮಾತು ಇಷ್ಟೆ: ಆಸನಗಳನ್ನೂ ದೀಪಗಳನ್ನೂ ಎಣಿಸಿದವರು, ಜನ ಒಳಕ್ಕೆ ಬರುವ ಬಾಗಿಲನ್ನೂ ಹೊರಕ್ಕೆ ಹೋಗುವ ದಾರಿಯನ್ನೂ ಮೊದಲು ಎಣಿಸಬೇಕಾಗಿತ್ತು.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ.

ಅಂಧರ ಕ್ರಿಕೆಟ್ ಹುಟ್ಟಿದುದು 1922ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಕ್ಕೆ ಕಲ್ಲಿನ ಹರಳುಗಳನ್ನು ಹಾಕಿ, ಅದು ಉರುಳುವ ಸದ್ದನ್ನು ಹಿಡಿದು ಆಡತೊಡಗಿದರು. ಆ ಸದ್ದು ಏಳು ದಶಕಗಳಲ್ಲಿ ಹಲವು ದೇಶಗಳನ್ನು ಮುಟ್ಟಿ, 1996ರಲ್ಲಿ ಜಾಗತಿಕ ಅಂಧರ ಕ್ರಿಕೆಟ್ ಮಂಡಲಿ ಸ್ಥಾಪಿತವಾಗಿ, 1998ರಲ್ಲಿ ಮೊದಲ ವಿಶ್ವಕಪ್ಪು ದೆಹಲಿಯಲ್ಲಿ ನಡೆಯಿತು. ಅಂದು ಗೆದ್ದವರು ದಕ್ಷಿಣ ಆಫ್ರಿಕದವರು. ಕಣ್ಣುಳ್ಳವರ ವಿಶ್ವಕಪ್ಪು ಇಂಗ್ಲೆಂಡಿನಿಂದ ಹೊರಕ್ಕೆ ಬರಲು ಹನ್ನೆರಡು ವರ್ಷ ಬೇಕಾಯಿತು. ಕಣ್ಣಿಲ್ಲದವರದು ಭಾರತದಲ್ಲಿಯೇ ಆರಂಭವಾಯಿತು. ಇದನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಬರೆಯಬೇಕು.

ಸಮರ್ಥನಂ ಸಂಸ್ಥೆ 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಮಹಾಂತೇಶ ಕಿವಡಸಣ್ಣವರ್ ಅವರೂ ದಿವಂಗತ ಎಸ್.ಪಿ. ನಾಗೇಶ್ ಅವರೂ ಸ್ವತಃ ಅಂಧರು. ಅಂಧ ಮಕ್ಕಳಿಗೆ ಅನ್ನ, ಓದು, ಉದ್ಯೋಗ ಒದಗಿಸುವುದೇ ಸಾಕುಸಾಕೆನಿಸುವಷ್ಟು ಭಾರವಾಗಿರುವಾಗ, ಅಂಥ ಸಂಸ್ಥೆಯೊಂದು ವಿಶ್ವಕಪ್ಪನ್ನು ಮೈಮೇಲೆ ಹಾಕಿಕೊಂಡುದು ಸಾಹಸವೇ ಸರಿ. 2012ರ ಡಿಸೆಂಬರಿನಲ್ಲಿ 9 ತಂಡಗಳು ಬೆಂಗಳೂರಿಗೆ ಬಂದಿಳಿದುವು. ಡಿಸೆಂಬರ್ 13ರಂದು ಸೆಂಟ್ರಲ್ ಕಾಲೇಜು ಮೈದಾನದಲ್ಲಿ, ಶಿವಮೊಗ್ಗೆಯ ಶೇಖರ್ ನಾಯ್ಕರು ಮುನ್ನಡೆಸಿದ ಭಾರತ ತಂಡವು ಪಾಕಿಸ್ತಾನವನ್ನು 29 ಓಟಗಳಿಂದ ಸೋಲಿಸಿ ಮೊದಲ ಟಿ20 ವಿಶ್ವಕಪ್ಪನ್ನು ಎತ್ತಿಹಿಡಿಯಿತು. ಶೇಖರ್ ನಾಯ್ಕರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಆಟದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳದೆ ಮುಂದಕ್ಕೆ ಹೋಗಲಾರೆ. ಏಕೆಂದರೆ ಏರ್ಪಾಟಿನ ಪ್ರತಿಯೊಂದು ಅಂಶವೂ ಈ ರೀತಿಯಿಂದಲೇ ಹೊರಡುತ್ತದೆ. ಇದೋ, ಇದು ಆ ಆಟದ ಚೆಂಡು. (ಇಲ್ಲಿ ಚೆಂಡನ್ನು ಸಭೆಗೆ ತೋರಿಸಿ, ಮೇಜಿನ ಮೇಲೆ ಉರುಳಿಸಲಾಯಿತು.) ಬಿಳಿಯ ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಬೇರಿಂಗ್ ಗುಂಡುಗಳಿವೆ. ಉರುಳುವಾಗ ಗಲಗಲನೆ ಸದ್ದು ಮಾಡುತ್ತದೆ, ನಿಂತ ಕೂಡಲೆ ಮೌನವಾಗುತ್ತದೆ. ನಿಂತ ಚೆಂಡು ಪೂರ್ಣ ಅಂಧನಾದ ಆಟಗಾರನ ಪಾಲಿಗೆ ಮೈದಾನದಲ್ಲಿ ಇಲ್ಲವೇ ಇಲ್ಲ. ಅದು ನಿಲ್ಲುವ ಮೊದಲೇ ಅವನು ಸದ್ದಿನ ದಿಕ್ಕಿಗೆ ಮೈಯನ್ನು ಅಡ್ಡವಾಗಿ ಚೆಲ್ಲಿ ಅದನ್ನು ತಡೆಯಬೇಕು. ಆದುದರಿಂದ ಮೈದಾನವನ್ನು ಸಿದ್ಧಪಡಿಸುವವನು ಹುಲ್ಲಿನ ಹಸುರನ್ನು ನೋಡಿ ತೃಪ್ತನಾಗುವಂತಿಲ್ಲ. ಹುಲ್ಲು ಎತ್ತರವಾಗಿದ್ದರೆ, ನೆಲ ಮಳೆಯಿಂದಲೋ ಇಬ್ಬನಿಯಿಂದಲೋ ನೆನೆದಿದ್ದರೆ ಸದ್ದು ಸತ್ತುಹೋಗುತ್ತದೆ. ನೆಲ ಗಟ್ಟಿಯಾಗಿ ಒಣಗಿರಬೇಕು, ಹುಲ್ಲನ್ನು ಬುಡಮಟ್ಟಕ್ಕೆ ಕತ್ತರಿಸಿರಬೇಕು; ಬೀಳುವವನ ಮೊಣಕೈಗೆ ಚುಚ್ಚುವ ಒಂದು ಹರಳೂ ಅಲ್ಲಿ ಇರಬಾರದು.

ಹನ್ನೊಂದು ಜನರಲ್ಲಿ ನಾಲ್ವರು ಪೂರ್ಣ ಅಂಧರು, ಮೂವರು ಅತ್ಯಲ್ಪ ದೃಷ್ಟಿಯವರು, ನಾಲ್ವರು ಅದಕ್ಕಿಂತ ಕೊಂಚ ಹೆಚ್ಚು ದೃಷ್ಟಿಯವರು. ಇವರನ್ನು ಕ್ರಮವಾಗಿ ಬಿ-1, ಬಿ-2, ಬಿ-3 ಎಂದು ಕರೆಯುತ್ತಾರೆ. ನೇತ್ರವೈದ್ಯರು ಪ್ರತಿಯೊಬ್ಬ ಆಟಗಾರನನ್ನೂ ಪರೀಕ್ಷಿಸಿ ಈ ವರ್ಗವನ್ನು ನಿಶ್ಚಯಿಸಬೇಕು. ಬೌಲರನು ಚೆಂಡನ್ನು ಭುಜದ ಮೇಲಿನಿಂದ ಎಸೆಯದೆ ಕೆಳಗೈಯಿಂದ ಬಿಡುತ್ತಾನೆ. ಪಿಚ್ಚಿನ ನಡುಗೆರೆಯನ್ನು ದಾಟುವ ಮುನ್ನ ಅದು ನೆಲವನ್ನು ಮುಟ್ಟಿರಬೇಕು. ಬಿಡುವುದಕ್ಕೆ ಮುಂಚೆ ಅವನು ‘ರೆಡಿ?’ ಎಂದು ಕೇಳುತ್ತಾನೆ. ದಾಂಡಿಗನು ‘ಯೆಸ್’ ಎನ್ನುತ್ತಾನೆ. ಆಗ ಬೌಲರನು ‘ಪ್ಲೇ’ ಎಂದು ಕೂಗುತ್ತ ಚೆಂಡು ಬಿಡುತ್ತಾನೆ. ವಿಕೆಟ್ಟಿನ ಗೂಟಗಳು ಲೋಹದವು, ಹೊಳೆಯುವ ಬಣ್ಣ ಬಳಿದವು. ಅಲ್ಪದೃಷ್ಟಿಯವರಿಗೆ ಬಣ್ಣ ಆಧಾರ, ಪೂರ್ಣ ಅಂಧರಿಗೆ ಚೆಂಡು ತಾಗಿದ ಲೋಹದ ನಾದ ಆಧಾರ. ಪೂರ್ಣ ಅಂಧನು ಹೊಡೆದ ಪ್ರತಿಯೊಂದು ಓಟವೂ ಎರಡೆಂದು ಲೆಕ್ಕಕ್ಕೆ ಬರುತ್ತದೆ; ಅವನಿಗಾಗಿ ಓಡಲು ಬೇರೊಬ್ಬನಿರುತ್ತಾನೆ; ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಅವನು ಹಿಡಿದರೂ ಕ್ಯಾಚೆನಿಸುತ್ತದೆ; ಇಪ್ಪತ್ತು ಓವರುಗಳಲ್ಲಿ ಎಂಟನ್ನಾದರೂ ಅವನ ವರ್ಗದವರೇ ಬೌಲ್ ಮಾಡಬೇಕು. ತಂಡದಲ್ಲಿ ಎಲ್ಲರಿಗಿಂತ ಕಡಮೆ ಕಾಣುವವನನ್ನು ಹೆಸರಿಗೆ ಸೇರಿಸಿಕೊಂಡು ಬೌಂಡರಿಯ ಮೂಲೆಯಲ್ಲಿ ನಿಲ್ಲಿಸಿಬಿಡುವುದಕ್ಕೆ ಈ ನಿಯಮಗಳು ಅವಕಾಶವನ್ನೇ ಕೊಡುವುದಿಲ್ಲ. ಅವನಿಲ್ಲದೆ ತಂಡವು ಗೆಲ್ಲಲಾರದು. ನಮ್ಮ ಪಂಚಾಯಿತಿಗಳ ಕಟ್ಟಳೆಗಳಲ್ಲಿಯೂ, ಕಚೇರಿಗಳ ಕಟ್ಟಳೆಗಳಲ್ಲಿಯೂ ಇಂಥ ವಿವೇಕವು ಬಂದೀತೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಈಗ ಪ್ರೇಕ್ಷಕನ ವಿಚಾರ. ‘ರೆಡಿ?’ ಎಂಬ ಮಾತು ಬೌಲರನ ಬಾಯಿಂದ ಹೊರಟ ಕ್ಷಣದಿಂದ ಚೆಂಡು ನಿಲ್ಲುವವರೆಗೆ ಮೈದಾನದ ಸುತ್ತ ಯಾರೂ ಮಾತನಾಡಬಾರದು, ಚಪ್ಪಾಳೆ ಕೂಡದು, ಶೀಟಿ ಕೂಡದು, ಧ್ವನಿವರ್ಧಕದ ವಿವರಣೆ ನಿಲ್ಲಬೇಕು. ಚೆಂಡು ನಿಂತ ಬಳಿಕ ಕೂಗಬಹುದು, ಕುಣಿಯಬಹುದು, ಮತ್ತೆ ‘ರೆಡಿ?’ ಎಂದೊಡನೆ ಸುಮ್ಮನಾಗಬೇಕು. ಹೀಗೆ ಇಪ್ಪತ್ತು ಓವರಿನ ಒಂದು ಇನಿಂಗ್ಸಿನಲ್ಲಿ ಕಡಮೆಯೆಂದರೆ ನೂರಿಪ್ಪತ್ತು ಸಲ ಸಾವಿರಾರು ಜನರು ತಮ್ಮ ಉತ್ಸಾಹವನ್ನು ತಡೆದು ಹಿಡಿದು ಮತ್ತೆ ಬಿಡಬೇಕು. ಕಣ್ಣುಳ್ಳವರ ಕ್ರಿಕೆಟ್ಟಿನಲ್ಲಿ ಗದ್ದಲವೇ ಪ್ರೀತಿಯ ಗುರುತು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಮೈದಾನದಲ್ಲಿ ಪಾಕಿಸ್ತಾನದ ಮೇಲೆ ಭಾರತವು ಕ್ವಾರ್ಟರ್ ಫೈನಲನ್ನು ಗೆದ್ದಾಗ, ವೆಂಕಟೇಶ ಪ್ರಸಾದರು ಆಮಿರ್ ಸೊಹೇಲರ ಗೂಟವನ್ನು ಉರುಳಿಸಿದಾಗ ಎದ್ದ ಕೂಗು ಇಂದಿಗೂ ನಮ್ಮ ಕಿವಿಯಲ್ಲಿದೆ. ಆದರೆ ನಾಲ್ಕೇ ದಿನಗಳ ತರುವಾಯ ಕೋಲ್ಕತ್ತೆಯ ಸೆಮಿಫೈನಲಿನಲ್ಲಿ, ಭಾರತವು ಸೋಲುತ್ತಿದ್ದುದನ್ನು ಸಹಿಸಲಾರದೆ ಪ್ರೇಕ್ಷಕರು ಬಾಟಲಿಗಳನ್ನು ಎಸೆದು ಬೆಂಕಿ ಹಚ್ಚಿ, ರೆಫರಿ ಕ್ಲೈವ್ ಲಾಯ್ಡ್ ಅವರು ಪಂದ್ಯವನ್ನು ಶ್ರೀಲಂಕೆಗೆ ಕೊಟ್ಟುಬಿಡಬೇಕಾಯಿತು. ಕೂಗಲು ಬಲ್ಲ ಪ್ರೇಕ್ಷಕನಿಗೆ ಸುಮ್ಮನಿರಲೂ ಬರಬೇಕು. ಪೊಲೀಸರ ಭಯದಿಂದ ಬರುವ ಮೌನವಲ್ಲ ನಾನು ಹೇಳುವುದು. ಎದುರಿಗಿರುವವನಿಗೆ ನನ್ನ ಸದ್ದು ಅಡ್ಡಿಯಾಗುವುದೆಂದು ತಾನಾಗಿ ತಿಳಿದು ಸುಮ್ಮನಿರುವುದು. ಶಾಲೆಯ ಮಕ್ಕಳನ್ನು ಒಮ್ಮೆ ಇಂಥ ಪಂದ್ಯಕ್ಕೆ ಕರೆದುಕೊಂಡು ಹೋಗಿ ಕೂರಿಸಿದರೆ, ಅವರು ಇದನ್ನು ಹತ್ತು ನಿಮಿಷಗಳಲ್ಲಿ ಕಲಿಯುತ್ತಾರೆ. ದೊಡ್ಡವರಿಗೆ ಇನ್ನಷ್ಟು ಹೊತ್ತು ಬೇಕಾಗುತ್ತದೆ.

ಅತಿಥಿಗಳ ವಸತಿಯ ವಿಚಾರವು ಇನ್ನೂ ಸೂಕ್ಷ್ಮವಾದುದು. 2012ರ ಪಂದ್ಯಾವಳಿಯಲ್ಲಿ ನಡೆದ ಒಂದು ಘಟನೆಯನ್ನು ಮರೆಮಾಚದೆ ಹೇಳಬೇಕು. ಪಾಕಿಸ್ತಾನ ತಂಡದ ನಾಯಕರು ತಂಗಿದ್ದ ಹೋಟೆಲಿನಲ್ಲಿ, ಬೆಳಗಿನ ಉಪಾಹಾರದ ಹೊತ್ತಿಗೆ, ನೀರೆಂದು ಭಾವಿಸಿ ಬಾಟಲಿಯೊಂದರಲ್ಲಿದ್ದ ಶುಚಿಗೊಳಿಸುವ ದ್ರವವನ್ನು ಕುಡಿದುಬಿಟ್ಟರು, ಆಸ್ಪತ್ರೆಗೆ ಸೇರಿಸಬೇಕಾಯಿತು, ದೈವವಶಾತ್ ಚೇತರಿಸಿಕೊಂಡರು. ಕಣ್ಣುಳ್ಳವನು ಕಂಡು ಪಕ್ಕಕ್ಕಿಡುವ ಬಾಟಲಿಯು ಕಾಣದವನ ಪಾಲಿಗೆ ಮೃತ್ಯುವಾಗಬಹುದು. ಆದಕಾರಣ ಇಂಥ ಪಂದ್ಯಾವಳಿಯ ಯೋಜನೆಯು ಉದ್ಘಾಟನೆಯ ವೇದಿಕೆಯಿಂದಲ್ಲ, ಊಟದ ಮೇಜಿನಿಂದಲೂ ಸ್ನಾನದ ಮನೆಯ ನಲ್ಲಿಯಿಂದಲೂ ಮೊದಲಾಗಬೇಕು. ಅತಿಥಿಯು ಕೋಣೆಗೆ ಬಂದ ಒಡನೆ ಒಬ್ಬ ಸ್ವಯಂಸೇವಕನು ಅವನ ಕೈಹಿಡಿದು ಮಂಚವೆಲ್ಲಿ, ಬಾಗಿಲೆಲ್ಲಿ, ಬಿಸಿನೀರಿನ ನಲ್ಲಿ ಯಾವ ಕಡೆಗೆ, ಕುಡಿಯುವ ನೀರು ಎಲ್ಲಿ ಎಂಬುದನ್ನು ಮುಟ್ಟಿಸಿ ತೋರಿಸಬೇಕು. ಹಾಗೆ ತೋರಿಸಿದ ಮೇಲೆ ಯಾವೊಂದು ವಸ್ತುವನ್ನೂ ಅಲ್ಲಿಂದ ಕದಲಿಸಕೂಡದು. ಗುಡಿಸುವವರು ಕುರ್ಚಿಯನ್ನು ಒಂದು ಗೇಣು ಸರಿಸಿಟ್ಟರೂ ಅದು ಅತಿಥಿಯ ಮೊಣಕಾಲಿಗೆ ಪೆಟ್ಟಾಗಿ ತೀರುತ್ತದೆ. ಮೆಟ್ಟಿಲುಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು. ಬಡಿಸುವಾಗ ತಟ್ಟೆಯ ಯಾವ ಕಡೆಗೆ ಅನ್ನ, ಯಾವ ಕಡೆಗೆ ಪಲ್ಯ ಎಂದು ತಿಳಿಸಬೇಕು. ಇವು ಕ್ಷುಲ್ಲಕವೆಂದು ತೋರಬಹುದು. ಇವನ್ನು ಮಾಡದ ಕಡೆ ಉಳಿದುದೆಲ್ಲವೂ ಕ್ಷುಲ್ಲಕ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಕಣ್ಣುಳ್ಳವರ ಪಂದ್ಯಾವಳಿಗೆ ದೂರದರ್ಶನದ ಹಕ್ಕುಗಳಿಂದ ಹೊಳೆಯಂತೆ ಬರುವ ಹಣವು ಇತ್ತ ಹರಿಯುವುದಿಲ್ಲ. ಸರಕಾರದ ನೆರವು, ಕಂಪೆನಿಗಳ ದಾನ, ಮೈದಾನವನ್ನು ಕೊಟ್ಟವರ ಸೌಜನ್ಯ, ಸ್ವಯಂಸೇವಕರ ದುಡಿಮೆ: ಇವನ್ನು ಕೂಡಿಸಿಕೊಂಡೇ ನಡೆಯಬೇಕು. ರಾಹುಲ್ ದ್ರಾವಿಡರು 2017ರ ಪಂದ್ಯಾವಳಿಗೂ ಯುವರಾಜ್ ಸಿಂಗರು 2022ರದಕ್ಕೂ ರಾಯಭಾರಿಗಳಾಗಿ ನಿಂತುದರ ಬೆಲೆಯನ್ನು ಹಣದಿಂದ ಅಳೆಯಲಾಗದು. 2017ರಲ್ಲಿ 10 ತಂಡಗಳು ಬಂದುವು. ಫೆಬ್ರವರಿ 12ರ ಅಂತಿಮ ಪಂದ್ಯಕ್ಕೆ ಚಿನ್ನಸ್ವಾಮಿ ಮೈದಾನವೇ ದೊರೆಯಿತು. ಪಾಕಿಸ್ತಾನದ 197 ಓಟಗಳಿಗೆ ಉತ್ತರವಾಗಿ ಕರ್ನಾಟಕದವರೇ ಆದ ಪ್ರಕಾಶ ಜಯರಾಮಯ್ಯನವರು 99 ಓಟಗಳೊಡನೆ ಅಜೇಯರಾಗಿ ಉಳಿದು, ಭಾರತವು 9 ವಿಕೆಟ್ಟುಗಳಿಂದ ಗೆದ್ದಿತು. 2022ರ ಡಿಸೆಂಬರ್ 17ರಂದು ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಮೇಲೆ ಭಾರತಕ್ಕೆ 120 ಓಟಗಳ ಗೆಲುವಾಯಿತು. ಚಿಕ್ಕಮಗಳೂರು ಸೀಮೆಯ ಸುನಿಲ್ ರಮೇಶ್ ಅಂದು ಶತಕ ಹೊಡೆದರು.

ಆ 2022ರ ಪಂದ್ಯಾವಳಿಗೆ ಪಾಕಿಸ್ತಾನ ತಂಡವು ಬರಲಾಗಲಿಲ್ಲ. ಎರಡು ಸರಕಾರಗಳ ನಡುವಣ ಬಿಗುವು ವೀಸಾ ಕಾಗದದ ರೂಪದಲ್ಲಿ ಆಟಗಾರರ ದಾರಿಗೆ ಅಡ್ಡಬಂದಿತು. ದೇಶದ ರಕ್ಷಣೆಯ ವಿಚಾರದಲ್ಲಿ ತೀರ್ಮಾನ ಕೊಡತಕ್ಕ ಅಧಿಕಾರ ನನ್ನದಲ್ಲ. ಆದರೆ ಪಂದ್ಯಾವಳಿಯನ್ನು ಯೋಜಿಸುವವನು ಕೋಣೆ, ಬಸ್ಸು, ಊಟ ಎಲ್ಲವನ್ನೂ ಗೊತ್ತುಮಾಡಿಕೊಂಡು, ಬರುವರೋ ಬಾರರೋ ಎಂದು ಕಡೆಯ ದಿನದವರೆಗೆ ಕಾದು ಕುಳಿತಿರುವ ಸಂಕಟವನ್ನು ಬಲ್ಲವರೇ ಬಲ್ಲರು. 2025ರ ಮಹಿಳಾ ಪಂದ್ಯಾವಳಿಯಲ್ಲಿ ಈ ತೊಡಕನ್ನು ಎರಡು ದೇಶಗಳಲ್ಲಿ ಪಂದ್ಯಗಳನ್ನು ಹಂಚಿ ಬಿಡಿಸಿಕೊಂಡರು. ಭಾರತ, ನೇಪಾಳ, ಶ್ರೀಲಂಕಾ, ಪಾಕಿಸ್ತಾನ, ಆಸ್ಟ್ರೇಲಿಯ, ಅಮೆರಿಕ ಎಂಬ 6 ತಂಡಗಳು ಸೇರಿದುವು. ಭಾರತ–ಪಾಕಿಸ್ತಾನ ಪಂದ್ಯವು ಶ್ರೀಲಂಕೆಯಲ್ಲಿ ನಡೆದು, ಎರಡು ತಂಡಗಳ ಹೆಣ್ಣುಮಕ್ಕಳೂ ಪರಸ್ಪರ ಕೈಕುಲುಕಿದರು. ಕಣ್ಣುಳ್ಳವರ ತಂಡಗಳು ಕೈಕುಲುಕಲು ಒಲ್ಲೆವೆಂದ ವರ್ಷದಲ್ಲಿಯೇ ಇದು ನಡೆದುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ನವೆಂಬರ್ 23ರಂದು ಕೊಲಂಬೊದಲ್ಲಿ ನೇಪಾಳವನ್ನು 7 ವಿಕೆಟ್ಟುಗಳಿಂದ ಗೆದ್ದು ಕಪ್ಪನ್ನು ತಂದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ನಮ್ಮ ಕರ್ನಾಟಕ ತಂಡದ ಆಟಗಾರ್ತಿ.

ಮಹನೀಯರೆ, ಇಷ್ಟೆಲ್ಲ ಹೇಳಿ, ಇದಕ್ಕೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೂ ಏನು ಸಂಬಂಧ ಎಂಬುದನ್ನು ಹೇಳದೆ ಹೋದರೆ ನಾನು ಹುಣಸೂರಿಗೆ ಬಂದುದು ವ್ಯರ್ಥವಾದೀತು. ಬಂದವರನ್ನು ಇರಿಸಿಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1960ರ ದಶಕದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟ್ಟಿನ ಜನಕ್ಕೆ ಪಿರಿಯಾಪಟ್ಟಣದ ಬೈಲುಕುಪ್ಪೆಯೂ, ಮುಂದೆ ಹುಣಸೂರಿನ ಗುರುಪುರವೂ ನೆಲ ಕೊಟ್ಟುವು. ಭಾಷೆ ಬೇರೆ, ಆಹಾರ ಬೇರೆ, ಹವೆ ಬೇರೆಯಾದ ಆ ಜನ ಇಂದು ನಮ್ಮ ಸಂತೆಯಲ್ಲಿ ಕನ್ನಡದಲ್ಲಿಯೇ ಚೌಕಾಶಿ ಮಾಡುತ್ತಾರೆ. ಕೃಷ್ಣರಾಜನಗರದ ಸಮೀಪದ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಕೂಡುವ ದನಗಳ ಜಾತ್ರೆಯನ್ನು ನೋಡಿರಿ: ಯಾವ ಊರಿನವರ ಎತ್ತುಗಳನ್ನು ಎಲ್ಲಿ ಕಟ್ಟಬೇಕು, ನೀರಿಗೆ ಯಾವ ದಾರಿಯಲ್ಲಿ ಹೊಡೆದುಕೊಂಡು ಹೋಗಬೇಕು, ತೇರು ಎಳೆಯುವ ಹೊತ್ತಿಗೆ ಮುದುಕರನ್ನೂ ಮಕ್ಕಳನ್ನೂ ಎಲ್ಲಿ ನಿಲ್ಲಿಸಿಕೊಳ್ಳಬೇಕು ಎಂಬುದನ್ನು ಯಾವ ಕೈಪಿಡಿಯೂ ಇಲ್ಲದೆ ಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಪಂದ್ಯಾವಳಿಯ ಯೋಜನೆಯೂ ಇದೇ ಜಾತಿಯ ತಿಳಿವಳಿಕೆ. ಅದನ್ನು ನಗರದ ಕಂಪೆನಿಗಳಿಂದ ಕೊಂಡು ತರಬೇಕಾಗಿಲ್ಲ.

ವಿಶ್ವಕಪ್ಪನ್ನು ಹುಣಸೂರಿಗೆ ತರೋಣವೆಂದು ನಾನು ಹೇಳುತ್ತಿಲ್ಲ. ಅಂಧರ ಕ್ರಿಕೆಟ್ಟಿನಲ್ಲಿ ಕರ್ನಾಟಕಕ್ಕೂ ನೆರೆಯ ಒಂದು ರಾಜ್ಯಕ್ಕೂ ಒಂದು ಸ್ನೇಹಪಂದ್ಯವನ್ನು ನಾವು ಇಲ್ಲಿ ನಡೆಸಿಕೊಡಬಹುದು. ಅಂತಾರಾಷ್ಟ್ರೀಯ ತಂಡವೊಂದು ಬೆಂಗಳೂರಿಗೆ ಬಂದಾಗ ಒಂದು ಅಭ್ಯಾಸಪಂದ್ಯಕ್ಕೆ ಇತ್ತ ಬರಬಹುದೇ ಎಂದು ಮುಂದೆ ಕೇಳಬಹುದು. ಈ ಆಟಕ್ಕೆ ಹೊನಲು ಬೆಳಕು ಬೇಡ, ನಲವತ್ತು ಸಾವಿರ ಆಸನಗಳು ಬೇಡ. ಬೇಕಾದುದು ಒಣಗಿದ ಸಮನೆಲ, ಸದ್ದಿಲ್ಲದ ಸುತ್ತುಮುತ್ತು, ಮರದ ನೆರಳು, ಶುಚಿಯಾದ ಶೌಚಾಲಯ. ಕಾಲವನ್ನು ಆರಿಸುವಾಗ ನಮ್ಮ ಸೀಮೆಯ ಪಂಚಾಂಗವನ್ನೇ ನೋಡಬೇಕು. ಅಕ್ಟೋಬರಿನವರೆಗೆ ಮಳೆಯನ್ನು ನಂಬುವಂತಿಲ್ಲ. ಅಲ್ಲಿಂದ ಮುಂದೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರ ಬಿರುಸಾಗಿ, ರೈತರಿಗೂ ವಾಹನಗಳಿಗೂ ಬಿಡುವಿರುವುದಿಲ್ಲ. ಜನವರಿಯಲ್ಲಿ ಚುಂಚನಕಟ್ಟೆ. ಮಾರ್ಚಿನಲ್ಲಿ ಪರೀಕ್ಷೆಗಳು. ಹೀಗಾಗಿ ಫೆಬ್ರವರಿಯ ಮೊದಲ ಎರಡು ವಾರಗಳು ಉಳಿಯುತ್ತವೆ. ಇಬ್ಬನಿ ಆರಲು ಬಿಟ್ಟು ಬೆಳಗ್ಗೆ ಹತ್ತಕ್ಕೆ ಆರಂಭಿಸಿದರೆ ಬಿಸಿಲೇರುವ ಮುನ್ನ ಮುಗಿಸಬಹುದು.

ಸ್ಥಳದ ವಿಚಾರದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣಗಳು ಮಡಿಕೇರಿಯ ಹೆದ್ದಾರಿಯ ಮೇಲಿವೆ. ಲಾರಿಗಳ ಹಾರ್ನು ಈ ಆಟಕ್ಕೆ ಮಳೆಗಿಂತ ದೊಡ್ಡ ಶತ್ರು. ಹೆದ್ದಾರಿಯಿಂದ ಒಳಕ್ಕೆ ಸರಿದ ಶಾಲೆಯ ಮೈದಾನವೇ ಬೇಕು. ಕೃಷ್ಣರಾಜನಗರದಲ್ಲಾದರೆ ಮೈಸೂರು–ಹಾಸನ ರೈಲುಗಳ ವೇಳೆಯನ್ನು ತಿಳಿದುಕೊಂಡು ಪಾನೀಯದ ವಿರಾಮವನ್ನು ಅದಕ್ಕೆ ಹೊಂದಿಸಬೇಕು. ಹೆಗ್ಗಡದೇವನಕೋಟೆಯ ಕಡೆ ನಿಶ್ಶಬ್ದವುಂಟು, ಆದರೆ ಆಸ್ಪತ್ರೆಯ ಸೌಕರ್ಯವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಎಲ್ಲಿಯೇ ಆಗಲಿ, ಸಮೀಪದ ಧ್ವನಿವರ್ಧಕಗಳನ್ನು ಅಂದು ಅರ್ಧ ದಿನ ನಿಲ್ಲಿಸಿಕೊಡುವಂತೆ ಊರಿನ ಹಿರಿಯರನ್ನು ವಾರದ ಮೊದಲೇ ಕಂಡು ಕೇಳಿಕೊಳ್ಳಬೇಕು.

ಇದಕ್ಕೆಲ್ಲ ಮುಂಚಿನ ಕೆಲಸ ಒಂದಿದೆ. ನಮ್ಮ ಹಾಡಿಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಕಣ್ಣು ಕಾಣದ ಮಗುವನ್ನು ಜಗಲಿಯ ಮೇಲೆ ಕೂರಿಸಿ, ಅದಕ್ಕೆ ಊಟ ಹಾಕಿದರೆ ಕರ್ತವ್ಯ ಮುಗಿಯಿತೆಂದು ತಿಳಿದ ಮನೆಗಳು ಇನ್ನೂ ಇವೆ. ತಂದೆತಾಯಿಗಳಲ್ಲಿ ಪ್ರೀತಿ ಕಡಮೆಯೆಂದಲ್ಲ, ಮುಂದಿನ ದಾರಿಯನ್ನು ಯಾರೂ ಅವರಿಗೆ ಹೇಳಿಲ್ಲ. ಮೈಸೂರಿನ ತಿಲಕನಗರದಲ್ಲಿ ಅಂಧ ಮಕ್ಕಳ ಸರಕಾರಿ ಶಾಲೆ ಉಂಟೆಂಬುದು ಕೂಡ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಅಂಥ ಮಕ್ಕಳಿರುವ ಮನೆಗಳನ್ನು ಬಲ್ಲವರು ಪ್ರಾಥಮಿಕ ಶಾಲೆಯ ಅಧ್ಯಾಪಕರೂ ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ತಾಯಂದಿರೂ. ಅವರಲ್ಲಿ ಹಲವರು ಇಂದು ಈ ಸಭೆಯಲ್ಲಿದ್ದೀರಿ. ಉಪನ್ಯಾಸ ಮುಗಿದ ಮೇಲೆ ಊಟದ ವಿರಾಮದಲ್ಲಿ ಪಕ್ಕದ ಕೊಠಡಿಯಲ್ಲಿ ತಾಲ್ಲೂಕುವಾರು ನಾಲ್ಕು ಮೇಜುಗಳನ್ನು ಹಾಕಿಸಬೇಕೆಂದು ಈ ಸಭೆಯ ಅಧ್ಯಕ್ಷರಲ್ಲಿ ಬೇಡಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ನಿಮ್ಮ ಊರಿನಲ್ಲಿ ಅಂಥ ಮಗುವಿದ್ದರೆ ಊರಿನ ಹೆಸರನ್ನೂ ನೀವು ಮನೆಯವರನ್ನು ಕಂಡು ಮಾತನಾಡಬಲ್ಲ ದಿನವನ್ನೂ ಅಲ್ಲಿ ಬರೆಸಿರಿ. ಮಗುವಿನ ಹೆಸರನ್ನು ಮನೆಯವರ ಒಪ್ಪಿಗೆಯಿಲ್ಲದೆ ಬರೆಯುವುದು ಬೇಡ. ಶಾಲೆಗೆ ಸೇರಿಸುವ ಅರ್ಜಿ, ಕಣ್ಣಿನ ಪರೀಕ್ಷೆಗೆ ಮೈಸೂರಿಗೆ ಹೋಗಿಬರುವ ಬಸ್ಸಿನ ವೆಚ್ಚ, ಜೊತೆಗೆ ಹೋಗುವವರು ಯಾರು ಎಂಬ ಮೂರನ್ನೂ ಆ ಮೇಜುಗಳ ಮೇಲೆಯೇ ತೀರ್ಮಾನಿಸೋಣ. ಪಂದ್ಯದ ತಾರೀಕನ್ನು ಆಮೇಲೆ ಗೊತ್ತುಮಾಡೋಣ.